ಗಾಡಿ ಹತ್ತದ ಕುದುರೆಗೆ ಮೊದಲು ಇಳಿಯುವುದನ್ನು ಕಲಿಸಿ

ಮಹಾರಾಷ್ಟ್ರದ ಸಾರಂಗಖೇಡಾಗೋ ರಾಜಸ್ಥಾನದ ಪುಷ್ಕರಕ್ಕೋ ಜಾತ್ರೆಗೆ ಹೋಗಿ, ಮಾರ್ವಾರಿ ಕುದುರೆ ಕೊಂಡು, ಲಾರಿಯಲ್ಲಿ ಊರಿಗೆ ತರುವವರು ನಮ್ಮಲ್ಲಿ ಇದ್ದಾರೆ. ಕೊಳ್ಳುವಾಗ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಕಿವಿಯ ತುದಿ ಒಂದಕ್ಕೊಂದು ಮುಟ್ಟುತ್ತದಾ ಅಂತ ನೋಡುತ್ತಾರೆ, ಓಡಿಸಿ ನಡಿಗೆ ನೋಡುತ್ತಾರೆ. ಗಾಡಿ ಹತ್ತುತ್ತದಾ ಅಂತ ಮಾತ್ರ ಕೇಳುವುದಿಲ್ಲ. ಅದು ಗೊತ್ತಾಗುವುದು ಸಂಜೆ ಲಾರಿ ಬಂದು ನಿಂತಾಗ. ನಾಲ್ಕು ಜನ ಮುಂದಿನಿಂದ ಹಗ್ಗ ಎಳೆಯುತ್ತಾರೆ, ಇಬ್ಬರು ಹಿಂದಿನಿಂದ ತಳ್ಳುತ್ತಾರೆ, ಒಬ್ಬ ಕೋಲು ಹಿಡಿದಿರುತ್ತಾನೆ, ಸುತ್ತ ಕೂಗಾಟ. ಕುದುರೆ ಮುಂಗಾಲೆತ್ತಿ ನಿಲ್ಲುತ್ತದೆ. ಹಠಮಾರಿ ಅನ್ನುವ ಹೆಸರು ಅದಕ್ಕೆ ಅಲ್ಲೇ ಬೀಳುತ್ತದೆ.

ಬೆಳಗಾವಿ, ಬಾಗಲಕೋಟೆ ಕಡೆ ಕುದುರೆ ಗಾಡಿ ಶರ್ಯತ್ತಿಗೆ ಟೆಂಪೊದಲ್ಲಿ ಕುದುರೆ ಒಯ್ಯುವವರಿಗೂ ಇದು ಗೊತ್ತು. ರೈಡಿಂಗ್ ಶಾಲೆಯಿಂದ ಸ್ಪರ್ಧೆಗೆ ಟ್ರೇಲರಿನಲ್ಲಿ ಕರೆದೊಯ್ಯುವವರಿಗೂ ಗೊತ್ತು. ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವವರಿಗೂ ಗೊತ್ತು. ಗಾಡಿ ಬೇರೆ ಬೇರೆ, ಗಲಾಟೆ ಒಂದೇ.

ನಾನು ಹೇಳಬೇಕಾದ ಮುಖ್ಯ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಕುದುರೆಯನ್ನು ಗಾಡಿಯ ಒಳಗೆ ಕಳಿಸುವುದು ಹೇಗೆ ಅಂತ ಎಲ್ಲರೂ ಯೋಚಿಸುತ್ತಾರೆ. ಒಳಗೆ ಹೋದ ಕುದುರೆ ಶಾಂತವಾಗಿ, ಒಂದೊಂದೇ ಹೆಜ್ಜೆ ಇಟ್ಟು ಹೊರಗೆ ಬರುವುದು ಹೇಗೆ ಅಂತ ಕಲಿಸುವವರು ತುಂಬಾ ಕಡಿಮೆ. ಹೊರಗೆ ಬರುವ ದಾರಿ ಗೊತ್ತಿಲ್ಲದ ಜಾಗಕ್ಕೆ ಕುದುರೆ ಕಾಲಿಡುವುದಿಲ್ಲ. ಇಟ್ಟರೂ ಒಂದು ಸಲ ಇಡುತ್ತದೆ, ಎರಡನೇ ಸಲ ಇಡುವುದಿಲ್ಲ. ಹಾಗಾಗಿ ಪಾಠ ಶುರುವಾಗಬೇಕಾದದ್ದು ಇಳಿಯುವುದರಿಂದ.

ಯಾಕೆ ಅಂತ ಅರ್ಥವಾಗಬೇಕಾದರೆ ಕುದುರೆಯ ಕಡೆಯಿಂದ ನೋಡಬೇಕು. ಅದು ಹುಲಿ, ತೋಳಗಳ ಬಾಯಿಗೆ ಸಿಗದೆ ಬದುಕಬೇಕಾದ ಪ್ರಾಣಿ. ಅದರ ಮೊದಲ ರಕ್ಷಣೆ ಓಟ. ಓಡಲು ಜಾಗ ಇದೆಯಾ ಅನ್ನುವ ಲೆಕ್ಕ ಅದರ ತಲೆಯಲ್ಲಿ ಸದಾ ನಡೆಯುತ್ತಿರುತ್ತದೆ. ಮೂರು ಕಡೆ ಗೋಡೆ, ಮೇಲೆ ಚಾವಣಿ, ನೆಲ ಅಲುಗಾಡುತ್ತದೆ, ಹಿಂದೆ ಜನ ಕೂಗುತ್ತಿದ್ದಾರೆ. ಇಂಥ ಜಾಗಕ್ಕೆ ಹೋಗದೆ ಇರುವುದು ಕುದುರೆಯ ಮಟ್ಟಿಗೆ ಬುದ್ಧಿವಂತಿಕೆಯೇ.

ಕಣ್ಣಿನ ವಿಷಯವೂ ಇದೆ. ಕುದುರೆಯ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಅದಕ್ಕೆ ಸುತ್ತಲಿನ ಸುಮಾರು 350 ಡಿಗ್ರಿ ಕಾಣುತ್ತದೆ. ಆದರೆ ಬಾಲದ ನೇರ ಹಿಂದೆ ಏನೂ ಕಾಣುವುದಿಲ್ಲ, ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಕೂಡ ಕಾಣದ ಜಾಗ ಇದೆ. ಕಾಲಡಿಯ ಹಲಗೆ ನೋಡಬೇಕಾದರೆ ಅದು ತಲೆ ತಗ್ಗಿಸಲೇಬೇಕು. ನಾವು ಮಾಡುವುದೇನು? ಹಗ್ಗ ಬಿಗಿದು ತಲೆಯನ್ನು ಮೇಲಕ್ಕೆ ಎಳೆಯುತ್ತೇವೆ. ಎಲ್ಲಿ ಕಾಲಿಡಬೇಕು ಅನ್ನುವುದು ಕಾಣದ ಹಾಗೆ ಮಾಡಿ, ಕಾಲಿಡು ಅನ್ನುತ್ತೇವೆ.

ಕತ್ತಲೆಯಲ್ಲಿ ಕುದುರೆಗೆ ನಮಗಿಂತ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಬಿಸಿಲಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮಗಿಂತ ಜಾಸ್ತಿ ಹೊತ್ತು ಬೇಕು. ಮಧ್ಯಾಹ್ನದ ಬಿಸಿಲಲ್ಲಿ ನಿಂತ ಕುದುರೆಗೆ ಮುಚ್ಚಿದ ಟ್ರೇಲರಿನ ಒಳಗು ಕಪ್ಪು ಗುಹೆಯ ಹಾಗೆ ಇರುತ್ತದೆ. ಅದರಲ್ಲೂ ಮೊದಲ ಹೆಜ್ಜೆ ಇಟ್ಟಾಗ ಹಲಗೆ ಟೊಳ್ಳು ಸದ್ದು ಮಾಡಿದರೆ, ಅಥವಾ ಸ್ವಲ್ಪ ಕುಸಿದರೆ, ಕುದುರೆ ಹಿಂದಕ್ಕೆ ಹಾರುತ್ತದೆ. ಗಾಡಿಯಲ್ಲಿ ಹಿಂದೆ ಹೋದ ಪ್ರಾಣಿಗಳ ವಾಸನೆ, ಡೀಸೆಲ್ ವಾಸನೆ ಇವೆಲ್ಲ ಬೇರೆ.

ಇನ್ನು ಕೆಲವು ಕುದುರೆಗಳಿಗೆ ನೋವಿನ ನೆನಪು ಇರುತ್ತದೆ. ಹಿಂದೊಮ್ಮೆ ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ್ದು, ತಿರುವಿನಲ್ಲಿ ಬಿದ್ದದ್ದು, ಚಾವಣಿಗೆ ತಲೆ ಹೊಡೆದದ್ದು. ಕೆಲವಕ್ಕೆ ನೋವು ಈಗಲೂ ಇರುತ್ತದೆ. ಬೆನ್ನು ನೋವಿರುವ, ಹಿಂಗಾಲಿನ ಕೀಲು ನೋವಿರುವ ಕುದುರೆಗೆ ಇಳಿಜಾರು ಹತ್ತುವುದೂ ಕಷ್ಟ, ಓಡುವ ಗಾಡಿಯಲ್ಲಿ ಗಂಟೆಗಟ್ಟಲೆ ಸಮತೋಲನ ಹಿಡಿಯುವುದೂ ಕಷ್ಟ. ಮೊದಲೆಲ್ಲಾ ಸರಾಗವಾಗಿ ಹತ್ತುತ್ತಿದ್ದ ಕುದುರೆ ಒಮ್ಮೆಲೇ ಬೇಡ ಅಂದರೆ, ಪಾಠ ಶುರು ಮಾಡುವ ಮೊದಲು ಪಶುವೈದ್ಯರಿಗೆ ತೋರಿಸಿ. ನೋವಿರುವ ಕುದುರೆಗೆ ಯಾವ ತರಬೇತಿಯೂ ಹತ್ತುವುದಿಲ್ಲ.

ಈಗ ಈ ಲೇಖನದ ಅತಿ ಮುಖ್ಯ ಭಾಗಕ್ಕೆ ಬರುತ್ತೇನೆ. ಹತ್ತದೆ ಇರುವುದನ್ನು ಕುದುರೆಗೆ ಹೆಚ್ಚಾಗಿ ನಾವೇ ಕಲಿಸಿರುತ್ತೇವೆ.

ಕುದುರೆಗೆ ನಾವು ಕಲಿಸುವ ಬಹುತೇಕ ಕೆಲಸಗಳು ಒಂದೇ ಸೂತ್ರದ ಮೇಲೆ ನಿಂತಿವೆ. ಒತ್ತಡ ಹಾಕುತ್ತೇವೆ, ಅದು ಬೇಕಾದ್ದನ್ನು ಮಾಡಿದ ಕೂಡಲೇ ಒತ್ತಡ ತೆಗೆಯುತ್ತೇವೆ. ಲಗಾಮು ಎಳೆದರೆ ನಿಲ್ಲುತ್ತದೆ, ನಿಂತ ಕೂಡಲೇ ಲಗಾಮು ಸಡಿಲ. ಹಿಮ್ಮಡಿ ಒತ್ತಿದರೆ ಮುಂದೆ ಹೋಗುತ್ತದೆ, ಹೋದ ಕೂಡಲೇ ಹಿಮ್ಮಡಿ ಸುಮ್ಮನೆ. ಕುದುರೆ ಕಲಿಯುವುದು ಆ ಸಡಿಲ ಬಿಟ್ಟ ಗಳಿಗೆಯಲ್ಲಿ. ಆ ಗಳಿಗೆಯಲ್ಲಿ ತಾನು ಏನು ಮಾಡುತ್ತಿತ್ತೋ ಅದೇ ಸರಿಯಾದ ಉತ್ತರ ಅಂತ ಅದು ತಿಳಿದುಕೊಳ್ಳುತ್ತದೆ.

ಇದನ್ನು ಲಾರಿಯ ಹಿಂದೆ ನಡೆಯುವ ಗಲಾಟೆಗೆ ಹಾಕಿ ನೋಡಿ. ಹಗ್ಗ ಬಿಗಿಯಾಗಿ ಎಳೆಯುತ್ತೀರಿ. ಕುದುರೆ ತಲೆ ಎತ್ತಿ ಹಿಂದಕ್ಕೆ ನುಗ್ಗುತ್ತದೆ. 400 ಕೆಜಿಯ ಪ್ರಾಣಿಯನ್ನು ನಾಲ್ಕು ಜನ ಹಿಡಿಯಲು ಆಗುವುದಿಲ್ಲ, ಕೈ ಉರಿಯುತ್ತದೆ, ಹಗ್ಗ ಬಿಡುತ್ತೀರಿ. ಸಡಿಲ ಸಿಕ್ಕಿತು. ಹಿಂದಕ್ಕೆ ನುಗ್ಗಿದರೆ ಬಿಡುಗಡೆ ಅನ್ನುವುದು ಅದರ ಪಾಠ. ಮತ್ತೆ ಕರೆತಂದು ಎಳೆಯುತ್ತೀರಿ. ಅದು ಈ ಸಲ ಮುಂಗಾಲೆತ್ತುತ್ತದೆ. ಹೆದರಿ ಎಲ್ಲರೂ ದೂರ ಸರಿಯುತ್ತಾರೆ. ಎರಡನೇ ಪಾಠವೂ ಆಯಿತು. ಒಂದು ಸಂಜೆಯಲ್ಲಿ ಹೀಗೆ ಎಷ್ಟೋ ಸಲ ನಡೆದರೆ ಕುದುರೆ ಇದರಲ್ಲಿ ಪಳಗಿಬಿಡುತ್ತದೆ.

ಕೋಲಿನ ಕಥೆ ಇನ್ನೂ ಕೆಟ್ಟದು. ಹಿಂದಿನಿಂದ ಹೊಡೆಯುವವನು ಕುದುರೆ ಒಂದು ಹೆಜ್ಜೆ ಮುಂದಿಟ್ಟಾಗ ನಿಲ್ಲಿಸಬೇಕು. ಅವನು ನಿಲ್ಲಿಸುವುದಿಲ್ಲ. ಈಗ ಹೋಗುತ್ತಿದೆ, ಇನ್ನೊಂದೇಟು ಬಿದ್ದರೆ ಪೂರ್ತಿ ಹೋಗುತ್ತದೆ ಅಂತ ಇನ್ನೂ ಜೋರಾಗಿ ಹೊಡೆಯುತ್ತಾನೆ. ಮುಂದೆ ಹೋದರೂ ಏಟು, ನಿಂತರೂ ಏಟು. ಆಗ ಕುದುರೆಗೆ ಉಳಿಯುವುದು ಒಂದೇ ತಿಳುವಳಿಕೆ: ಈ ಗಾಡಿಯ ಹತ್ತಿರ ಬಂದರೆ ಏಟು ಬೀಳುತ್ತದೆ. ಮುಂದಿನ ಸಲ ಗಾಡಿ ಕಂಡ ಕೂಡಲೇ, ಕೋಲು ಇಲ್ಲದಿದ್ದರೂ, ಅದು ಬೆವರಲು ಶುರು ಮಾಡುತ್ತದೆ. ಬಾಲ ತಿರುಚುವುದು, ಮೂಗಿಗೆ ಹಗ್ಗ ಬಿಗಿಯುವುದು, ಖಾರ ಹಚ್ಚುವುದು ಇವೆಲ್ಲ ಇದೇ ದಾರಿಯವು. ಹಿಂಸೆ ಅನ್ನುವುದು ಹಾಗಿರಲಿ, ಕೆಲಸವೂ ಆಗುವುದಿಲ್ಲ.

ಸರಿ, ಮಾಡಬೇಕಾದ್ದೇನು? ಮೊದಲು ಗಾಡಿ ನೋಡಿ, ಆಮೇಲೆ ಕುದುರೆ.

ಟ್ರೇಲರ್ ಆದರೆ ಅದು ಎಳೆಯುವ ವಾಹನಕ್ಕೆ ಸಿಕ್ಕಿಸಿಯೇ ಇರಬೇಕು. ಅಭ್ಯಾಸಕ್ಕೆ ಅಂತ ಬಿಡಿ ಟ್ರೇಲರಿಗೆ ಕುದುರೆ ಹತ್ತಿಸಬೇಡಿ. ಹಿಂಭಾಗಕ್ಕೆ ಭಾರ ಬಿದ್ದ ಕೂಡಲೇ ಮುಂಭಾಗ ಮೇಲೆದ್ದುಬಿಡುತ್ತದೆ. ನೆಲದ ಹಲಗೆ ಕೊಳೆತಿದೆಯಾ ಅಂತ ರಬ್ಬರ್ ಮ್ಯಾಟ್ ಎತ್ತಿ ನೋಡಿ. ನಡುವೆ ಅಡ್ಡ ಗೋಡೆ ಇದ್ದರೆ ಒಂದು ಬದಿಗೆ ಸರಿಸಿ, ಒಳಗೆ ಅಗಲವಾಗಿ ಕಾಣಲಿ. ಮುಂದಿನ ಕಿಟಕಿ, ಸಣ್ಣ ಬಾಗಿಲು ತೆರೆದಿಡಿ, ಬೆಳಕು ಬರಲಿ. ಸೂರ್ಯನ ಬೆಳಕು ಹಿಂದಿನ ಬಾಗಿಲಿನಿಂದ ಒಳಗೆ ಬೀಳುವ ಹಾಗೆ ಗಾಡಿ ನಿಲ್ಲಿಸಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಲಾರಿ ಆದರೆ ಕಷ್ಟ ಜಾಸ್ತಿ. ಲಾರಿಯ ತಳ ಎತ್ತರ, ಅದಕ್ಕೆ ಒಳ್ಳೆಯ ರ‍್ಯಾಂಪ್ ಬಹಳ ಕಡೆ ಇರುವುದಿಲ್ಲ. ಎರಡು ಹಲಗೆ ಒರಗಿಸಿ ಕಡಿದಾಗಿ ಹತ್ತಿಸುವುದು ಅಪಾಯ. ಕಾಲು ಹಲಗೆಗಳ ನಡುವೆ ಸಿಕ್ಕಿದರೆ ಮೂಳೆ ಮುರಿಯುತ್ತದೆ, ಮತ್ತೆ ಆ ಕುದುರೆ ಕಥೆ ಮುಗಿದ ಹಾಗೆ. ಊರಲ್ಲಿ ಹಿರಿಯರು ಮಾಡುವ ಉಪಾಯವೇ ಒಳ್ಳೆಯದು. ಗಟ್ಟಿಯಾದ ದಿಬ್ಬಕ್ಕೋ ಏರಿಗೋ, ಸರಕು ಇಳಿಸುವ ಕಟ್ಟೆಗೋ ಲಾರಿಯನ್ನು ಹಿಮ್ಮುಖವಾಗಿ ತಾಗಿಸಿ ನಿಲ್ಲಿಸುವುದು. ಕುದುರೆ ಮಟ್ಟಸವಾಗಿ ನಡೆದು ಒಳಗೆ ಹೋಗುತ್ತದೆ. ಚಕ್ರಕ್ಕೆ ಕಲ್ಲು ಕೊಡಿ. ದಿಬ್ಬಕ್ಕೂ ಲಾರಿಗೂ ನಡುವಿನ ಸಂದು ಸಣ್ಣದಾದರೂ ಬಿಡಬೇಡಿ, ಗಟ್ಟಿ ಹಲಗೆ ಹಾಕಿ ಮೇಲೆ ಗೋಣಿ ಹಾಸಿ. ತಗಡಿನ ನೆಲದ ಮೇಲೆ ಲಾಳ ಕಟ್ಟಿದ ಕಾಲು ಜಾರುತ್ತದೆ. ಮ್ಯಾಟ್ ಇಲ್ಲದಿದ್ದರೆ ಮರಳು ಹಾಕಿ ಮೇಲೆ ಹುಲ್ಲು ಹರಡಿ.

ಕಾನೂನು ಕೂಡ ಇದೆ, ಎಷ್ಟೋ ಜನರಿಗೆ ಗೊತ್ತಿಲ್ಲ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬೇರೆಯೇ ಅಧ್ಯಾಯ ಇದೆ. ನೆಲ ಜಾರದ ಹಾಗೆ ಮಾಡಬೇಕು, ಪ್ರಾಣಿಗಳ ನಡುವೆ ಕನಿಷ್ಠ 8 ಸೆಂ.ಮೀ. ದಪ್ಪದ ಬಿದಿರು ಗಳು, ಹಿಂದೆ ಎರಡು ಗಟ್ಟಿ ಅಡ್ಡಪಟ್ಟಿ ಇರಬೇಕು, ಒಂದು ಗಾಡಿಯಲ್ಲಿ ನಾಲ್ಕರಿಂದ ಆರಕ್ಕಿಂತ ಹೆಚ್ಚು ಇರಬಾರದು, ವೇಗ ಗಂಟೆಗೆ 35 ಕಿ.ಮೀ. ದಾಟಬಾರದು. ಎದುರಿನಿಂದ ಬರುವ ವಾಹನಗಳಿಗೆ ಹೆದರದ ಹಾಗೆ ಕುದುರೆಯ ತಲೆ ಎಡಕ್ಕೆ ಇರಲಿ ಅನ್ನುವುದೂ ಅದರಲ್ಲಿದೆ. ನಮ್ಮ ರಸ್ತೆಯಲ್ಲಿ ಎಡಬದಿಗೆ ಓಡುವ ಗಾಡಿಗೆ ಇದು ಸರಿಯಾದ ಯೋಚನೆ, ಅಲ್ವಾ? ಬರೆದವರು ಕುದುರೆ ಕಂಡವರೇ ಇರಬೇಕು.

ಗಾಡಿ ಸರಿಯಾಯಿತು. ಪಾಠ ಮಾತ್ರ ಗಾಡಿಯಿಂದ ದೂರ, ಲಾಯದ ಅಂಗಳದಲ್ಲೇ ಶುರುವಾಗಬೇಕು. ಹಾಲ್ಟರ್ ಹಗ್ಗವನ್ನು, ಅಂದರೆ ತಲೆಪಟ್ಟಿಗೆ ಕಟ್ಟಿದ ಹಗ್ಗವನ್ನು, ಮೆಲ್ಲಗೆ ಮುಂದಕ್ಕೆ ಹಿಡಿಯಿರಿ. ಎಳೆಯಬೇಡಿ, ಬರೀ ಬಿಗಿ ಇರಲಿ. ಕುದುರೆ ಮುಂದೆ ವಾಲಿದರೂ ಸಾಕು, ಕೂಡಲೇ ಸಡಿಲ ಬಿಡಿ. ಹೀಗೆ ಒಂದು ಹೆಜ್ಜೆ, ಆಮೇಲೆ ಎರಡು. ನಂತರ ಹಿಂದಕ್ಕೆ. ಎದೆಯ ಕಡೆಗೆ ಹಗ್ಗದ ಸಣ್ಣ ಒತ್ತಡ, ಒಂದು ಹೆಜ್ಜೆ ಹಿಂದಿಟ್ಟ ಕೂಡಲೇ ಸಡಿಲ. ಒಂದೇ ಹೆಜ್ಜೆ ಕೇಳಿದರೆ ಒಂದೇ ಹೆಜ್ಜೆ ಇಡಬೇಕು, ಅಲ್ಲಿಯವರೆಗೂ ಈ ಅಭ್ಯಾಸ ಬಿಡಬೇಡಿ. ಹಿಂದಕ್ಕೆ ಓಡುವ ಕುದುರೆಗೂ ಹಿಂದಕ್ಕೆ ನಡೆಯುವ ಕುದುರೆಗೂ ಬಹಳ ವ್ಯತ್ಯಾಸ ಇದೆ. ಮೂರನೆಯದು ತಲೆ ತಗ್ಗಿಸುವುದು. ನೆತ್ತಿಯ ಹಿಂದೆ ಕೈಯಿಟ್ಟು ಹಗುರವಾಗಿ ಒತ್ತಿ, ತಲೆ ಇಳಿಸಿದ ಕೂಡಲೇ ಕೈ ತೆಗೆಯಿರಿ. ತಲೆ ತಗ್ಗಿಸಿದ ಕುದುರೆಗೆ ಕಾಲಡಿ ಕಾಣುತ್ತದೆ, ಚಾವಣಿಗೆ ನೆತ್ತಿ ತಾಗುವುದೂ ಇಲ್ಲ.

ಇದು ಬಂದ ಮೇಲೆ ನೆಲದ ಮೇಲೆ ದಪ್ಪ ಪ್ಲೈವುಡ್ ಹಾಕಿ ಅದರ ಮೇಲೆ ನಡೆಸಿ. ಸದ್ದು ಅಭ್ಯಾಸವಾಗಲಿ. ಟಾರ್ಪಾಲಿನ್ ಮೇಲೆ ನಡೆಸಿ. ಹುಲ್ಲಿನ ಪೆಂಡಿಗಳನ್ನು ಎರಡು ಬದಿ ಜೋಡಿಸಿ ಇಕ್ಕಟ್ಟು ದಾರಿ ಮಾಡಿ, ನಡೆಸಿ, ಒಳಗೆ ನಿಲ್ಲಿಸಿ, ಹಿಮ್ಮುಖವಾಗಿ ಹೊರಗೆ ತನ್ನಿ. ಗಾಡಿ ಇಲ್ಲದೆಯೇ ಗಾಡಿಯ ಅರ್ಧ ಪಾಠ ಇಲ್ಲಿ ಮುಗಿಯುತ್ತದೆ. ಈ ಹಂತವನ್ನು ಹಾರಿಸುವವರೇ ಜಾಸ್ತಿ. ದಯವಿಟ್ಟು ಹಾರಿಸಬೇಡಿ.

ಈಗ ಗಾಡಿಯ ಹತ್ತಿರ ಬನ್ನಿ. ದೂರದಿಂದ ನೋಡುತ್ತಾ ಬನ್ನಿ. ಒಂದು ಜಾಗದಲ್ಲಿ ಕುದುರೆಯ ಕಿವಿ ನೆಟ್ಟಗಾಗುತ್ತದೆ, ಉಸಿರು ಬಿಗಿಯಾಗುತ್ತದೆ, ಹೆಜ್ಜೆ ನಿಧಾನವಾಗುತ್ತದೆ. ಅದು ಅದರ ಗಡಿ. ಅಲ್ಲಿ ನಿಲ್ಲಿಸಿ, ನೋಡಲು ಬಿಡಿ. ಅದು ಉಸಿರು ಬಿಟ್ಟ ಮೇಲೆ, ತಾನಾಗಿ ಹಿಂದೆ ಸರಿಯುವ ಮೊದಲೇ, ನೀವೇ ಅದನ್ನು ತಿರುಗಿಸಿ ದೂರ ಕರೆದುಕೊಂಡು ಹೋಗಿ. ನೋಡುವವರಿಗೆ ಇದು ಸೋಲಿನ ಹಾಗೆ ಕಾಣಬಹುದು. ಕುದುರೆಗೆ ಆಗುವ ಪಾಠವೇ ಬೇರೆ: ಹತ್ತಿರ ಹೋಗಿ ಸುಮ್ಮನೆ ನಿಂತರೆ ದೂರ ಹೋಗಲು ಸಿಗುತ್ತದೆ. ಮುಂದಿನ ಸಲ ಗಡಿ ಸ್ವಲ್ಪ ಹತ್ತಿರ ಬಂದಿರುತ್ತದೆ.

ರ‍್ಯಾಂಪಿಗೆ ಬಂದಾಗ ಮುಂಗಾಲು ಒಂದನ್ನು ಮಾತ್ರ ಇಡಲು ಕೇಳಿ. ಇಟ್ಟಿತಾ? ಹೊಗಳಿ, ಕುತ್ತಿಗೆ ಕೆರೆಯಿರಿ. ಈಗ ಅದನ್ನು ಕೆಳಗಿಳಿಸಿ. ಹೌದು, ಇಳಿಸಿ. ಇಲ್ಲೇ ಎಲ್ಲರಿಗೂ ಆಸೆ ಆಗುತ್ತದೆ, ಒಂದು ಕಾಲು ಇಟ್ಟಿದೆ, ಇನ್ನೊಂದು ಸ್ವಲ್ಪ ಎಳೆದರೆ ಒಳಗೇ ಹೋಗಿಬಿಡುತ್ತದೆ ಅಂತ. ಆ ಆಸೆ ಬಿಡಬೇಕು. ಒಂದು ಕಾಲು ಇಟ್ಟು, ಇಳಿಸಿ, ಮತ್ತೆ ಇಟ್ಟು, ಮತ್ತೆ ಇಳಿಸಿ. ಬೇಸರ ಬರುವಷ್ಟು ಮಾಡಿ. ಆಮೇಲೆ ಎರಡು ಮುಂಗಾಲು, ಮತ್ತೆ ಇಳಿಸಿ. ಆಮೇಲೆ ಒಂದು ಹಿಂಗಾಲು.

ಹಿಂಗಾಲಿನ ಹಂತದಲ್ಲಿ ತುಂಬಾ ಎಚ್ಚರ ಬೇಕು. ರ‍್ಯಾಂಪ್ ಇಲ್ಲದೆ ಮೆಟ್ಟಿಲಿನ ಹಾಗಿರುವ ಟ್ರೇಲರಿನಲ್ಲಿ ಹಿಂದಕ್ಕೆ ಬರುವ ಕುದುರೆಗೆ ನೆಲ ಎಲ್ಲಿದೆ ಅಂತ ಕಾಣುವುದಿಲ್ಲ, ಬಾಲದ ಹಿಂದೆ ಅದಕ್ಕೆ ಕಣ್ಣಿಲ್ಲ ಅಂತ ಮೇಲೆಯೇ ಹೇಳಿದೆ. ಕಾಲು ಹಿಂದಿಟ್ಟರೆ ಕೆಳಗೆ ಏನೂ ಇಲ್ಲ. ಕತ್ತಲೆಯಲ್ಲಿ ಮಹಡಿ ಇಳಿಯುವಾಗ ಮೆಟ್ಟಿಲು ಮುಗಿಯಿತು ಅಂದುಕೊಂಡು ಇಟ್ಟ ಕಾಲಿಗೆ ಇನ್ನೊಂದು ಮೆಟ್ಟಿಲು ಇದ್ದರೆ ಎದೆ ಧಸಕ್ಕೆನ್ನುತ್ತದಲ್ಲ, ಹಾಗೆ. ಅಷ್ಟು ಹೊತ್ತಿಗೆ ಹೆದರಿದ ಕುದುರೆ ರಭಸದಿಂದ ಹಿಂದಕ್ಕೆ ಹಾರುತ್ತದೆ, ತಲೆ ಎತ್ತುತ್ತದೆ, ಚೌಕಟ್ಟಿಗೆ ನೆತ್ತಿ ಹೊಡೆಯುತ್ತದೆ. ಒಂದೇ ಸಲ ಹೀಗಾದರೂ ಸಾಕು, ಮುಂದಿನ ಸಲ ಹತ್ತುವ ಮೊದಲು ಅದಕ್ಕೆ ಇಳಿಯುವ ಭಯ ಬರುತ್ತದೆ. ಹತ್ತಲು ಹೆದರುತ್ತದೆ ಅಂತ ನಾವು ಅಂದುಕೊಂಡ ಎಷ್ಟೋ ಕುದುರೆಗಳ ನಿಜವಾದ ಭಯ ಇದು.

ಅದಕ್ಕೇ ಇದನ್ನು ಬೇರೆಯಾಗಿ ಕಲಿಸಬೇಕು. ಅಂಗಳದಲ್ಲಿ ಒಂದು ತಗ್ಗು ಮೆಟ್ಟಿಲಿನಷ್ಟು ಎತ್ತರದ ಮಣ್ಣಿನ ಕಟ್ಟೆ ಮಾಡಿ, ಅದರಿಂದ ಹಿಮ್ಮುಖವಾಗಿ ಒಂದೊಂದೇ ಕಾಲು ಇಳಿಸಿ ಅಭ್ಯಾಸ ಮಾಡಿಸಿ. ಅಂಚು ಬಂದಾಗ ಪ್ರತಿ ಸಲ ಒಂದೇ ಮಾತು ಹೇಳಿ, "ಇಳಿ" ಅಂತಲೋ "ಹೂಂ" ಅಂತಲೋ, ಯಾವುದಾದರೂ ಸರಿ, ಬದಲಾಯಿಸಬೇಡಿ. ಕೆಲವು ದಿನದಲ್ಲಿ ಆ ಮಾತು ಕೇಳಿದ ಕೂಡಲೇ ಕುದುರೆ ಕಾಲನ್ನು ನಿಧಾನವಾಗಿ ಚಾಚಿ ನೆಲ ಹುಡುಕುತ್ತದೆ. ಅದು ಬಂದ ಕುದುರೆ ಗಾಡಿ ಹತ್ತುವ ರೀತಿಯೇ ಬದಲಾಗುತ್ತದೆ. ಬೇಡ ಅನ್ನಿಸಿದರೆ ಹೊರಗೆ ಬರಬಹುದು ಅಂತ ಗೊತ್ತಿರುವ ಕುದುರೆಗೆ ಒಳಗೆ ಹೋಗಲು ಅಷ್ಟೊಂದು ಅಳುಕು ಇರುವುದಿಲ್ಲ.

ನಾಲ್ಕೂ ಕಾಲು ಒಳಗೆ ಹೋದ ಮೊದಲ ದಿನ ಬಾಗಿಲು ಮುಚ್ಚಬೇಡಿ. ಒಳಗೆ ಹುಲ್ಲಿನ ಬಲೆ ಕಟ್ಟಿರಿ, ನಾಲ್ಕು ಬಾಯಿ ತಿನ್ನಲಿ, ಹೊರಗೆ ತನ್ನಿ. ಮರುದಿನ ಮತ್ತೆ. ಒಳಗೆ ನಿಂತು ತಲೆ ತಗ್ಗಿಸಿ ತಿನ್ನುವಷ್ಟು ನಿರಾಳವಾದ ಮೇಲೆ ಹಿಂದಿನ ಅಡ್ಡಗಂಬಿ ಹಾಕಿ, ತೆಗೆಯಿರಿ. ಆಮೇಲೆ ಬಾಗಿಲು. ಆಮೇಲೆ ಎಂಜಿನ್ ಶುರು ಮಾಡಿ ನಿಲ್ಲಿಸಿ. ಕೊನೆಗೆ ಊರ ಸುತ್ತ ಒಂದು ಸಣ್ಣ ಸುತ್ತು, ವಾಪಸ್ ಬಂದು ಮೇವು.

ಒಂದು ಕ್ರಮವನ್ನು ಮಾತ್ರ ಎಂದೂ ಮುರಿಯಬೇಡಿ. ಹತ್ತಿಸುವಾಗ ಮೊದಲು ಹಿಂದಿನ ಅಡ್ಡಗಂಬಿ, ಆಮೇಲೆ ತಲೆಗೆ ಹಗ್ಗ. ಇಳಿಸುವಾಗ ಮೊದಲು ತಲೆಯ ಹಗ್ಗ ಬಿಚ್ಚಿ, ಆಮೇಲೆ ಅಡ್ಡಗಂಬಿ ತೆಗೆಯಿರಿ. ತಲೆ ಕಟ್ಟಿದ್ದು ಹಿಂದೆ ತೆರೆದಿದ್ದರೆ ಕುದುರೆ ಹಿಂದಕ್ಕೆ ಬರಲು ಹೋಗಿ, ಹಗ್ಗ ಹಿಡಿದು, ಗಾಬರಿಯಲ್ಲಿ ಬಡಿದಾಡುತ್ತದೆ. ಕತ್ತಿನ ಪೆಟ್ಟು, ಕಾಲಿನ ಪೆಟ್ಟು ಆಗುವುದು ಹೀಗೆ. ಹಗ್ಗವನ್ನು ನೇರ ಕಂಬಿಗೆ ಕಟ್ಟದೆ ನಡುವೆ ಗೋಣಿ ದಾರದ ಕುಣಿಕೆ ಹಾಕಿ. ಜೋರಾಗಿ ಎಳೆದರೆ ದಾರ ತುಂಡಾಗಬೇಕು, ಕುದುರೆಯ ಕತ್ತಲ್ಲ.

ಜನರ ಸುರಕ್ಷತೆಯೂ ಮುಖ್ಯ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಕೈಗವಸು, ಗಟ್ಟಿ ಬೂಟು, ಹೆಲ್ಮೆಟ್ ಇರಲಿ. ಕುದುರೆ ನೋಡಿಕೊಳ್ಳುವ ಸೈಸ್‌ಗಳು ಚಪ್ಪಲಿಯಲ್ಲಿ ಈ ಕೆಲಸ ಮಾಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಬೂಟು ಕೊಡಿಸುವುದು ಮಾಲೀಕರ ಜವಾಬ್ದಾರಿ. ಕುದುರೆಯ ನೇರ ಹಿಂದೆ ಯಾರೂ ನಿಲ್ಲಬಾರದು, ಅಡ್ಡಗಂಬಿ ಹಾಕುವಾಗಲೂ ಬದಿಯಿಂದ ಹಾಕಬೇಕು. ಇಕ್ಕಟ್ಟಾದ ಟ್ರೇಲರಿನಲ್ಲಿ, ತಪ್ಪಿಸಿಕೊಳ್ಳುವ ಬಾಗಿಲು ಇಲ್ಲದ ಕಡೆ, ಕುದುರೆಯ ಮುಂದೆ ನಿಂತು ಎಳೆಯುವುದು ಪ್ರಾಣಕ್ಕೇ ಅಪಾಯ. ಅದು ಮುಂದೆ ನುಗ್ಗಿದರೆ ನಿಮಗೆ ಹೋಗಲು ಜಾಗ ಇಲ್ಲ.

ತಿಂಡಿ ಕೊಟ್ಟು ಕಲಿಸಬಹುದಾ? ಖಂಡಿತ ಕೊಡಬಹುದು, ಆದರೆ ಕೊಡುವ ಹೊತ್ತು ಮುಖ್ಯ. ಬಕೆಟ್ಟಿನಲ್ಲಿ ನೆನೆಸಿದ ಕಡಲೆ ತೋರಿಸುತ್ತಾ ಒಳಗೆ ಸೆಳೆದು, ಕುದುರೆ ಬಾಯಿ ಹಾಕಿದ ಕೂಡಲೇ ಬಾಗಿಲು ಧಡ್ ಅಂತ ಮುಚ್ಚುವುದು ಮೋಸ. ಒಮ್ಮೆ ಮೋಸ ಹೋದ ಕುದುರೆ ಆಮೇಲೆ ಬಕೆಟ್ ಕಂಡರೇ ಅನುಮಾನಪಡುತ್ತದೆ. ಸರಿಯಾದ ಹೆಜ್ಜೆ ಇಟ್ಟ ಮೇಲೆ ಒಂದು ತುಂಡು ಕ್ಯಾರೆಟ್ಟೋ ಒಂದು ಚಿಟಿಕೆ ಬೆಲ್ಲವೋ ಕೊಡುವುದು ಸಂಬಳ. 2001ರಲ್ಲಿ ಅಮೆರಿಕದಲ್ಲಿ ಹತ್ತಲು ತಕರಾರು ಮಾಡುವ 5 ಹೆಣ್ಣು ಕುದುರೆಗಳಿಗೆ ಹೀಗೆ ಕಲಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಒಂದು ವಸ್ತುವನ್ನು ಮೂಗಿನಿಂದ ಮುಟ್ಟಿದರೆ ತಿಂಡಿ, ಅಷ್ಟೇ ಪಾಠ. ಆ ವಸ್ತುವನ್ನು ನಿಧಾನವಾಗಿ ಟ್ರೇಲರಿನ ಒಳಗೆ ಸರಿಸುತ್ತಾ ಹೋದರು, ಕುದುರೆಗಳು ಹಿಂಬಾಲಿಸಿ ಒಳಗೆ ಹೋದವು. 2011ರಲ್ಲಿ ಡೆನ್ಮಾರ್ಕಿನ ಸಂಶೋಧಕರು ತುಂಬಾ ತಕರಾರಿನ 12 ಕುದುರೆಗಳಲ್ಲಿ ಎರಡೂ ವಿಧಾನ ಹೋಲಿಸಿದರು. ಬರೀ ಒತ್ತಡದಿಂದ ಕಲಿತವುಗಳಿಗಿಂತ ತಿಂಡಿಯಿಂದ ಕಲಿತವುಗಳಲ್ಲಿ ಕಿರಿಕಿರಿಯ ಲಕ್ಷಣ ಕಡಿಮೆ ಇತ್ತು. ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಸೇರಿಸುವುದು ಒಳ್ಳೆಯದು. ಒತ್ತಡ ಹಗುರವಾಗಿರಲಿ, ಸಡಿಲ ಕೂಡಲೇ ಸಿಗಲಿ, ಮೇಲೆ ಒಂದು ತುತ್ತು.

ಪಾಠ ಗಂಟೆಗಟ್ಟಲೆ ಬೇಡ. ಹದಿನೈದು ಇಪ್ಪತ್ತು ನಿಮಿಷ ಸಾಕು. ಒಂದು ಒಳ್ಳೆಯ ಹೆಜ್ಜೆ ಆದ ಮೇಲೆ ಮುಗಿಸಿಬಿಡಿ. ಕೆಲವು ಕುದುರೆ ಬೇಗ ಕಲಿಯುತ್ತವೆ, ಹಿಂದೆ ಕೆಟ್ಟ ಅನುಭವ ಆದವಕ್ಕೆ ವಾರಗಟ್ಟಲೆ ಬೇಕು. ಪ್ರಯಾಣದ ದಿನವೇ ಕಲಿಸಲು ಹೋದರೆ ಯಾವ ವಿಧಾನವೂ ಕೆಲಸ ಮಾಡುವುದಿಲ್ಲ, ಯಾಕೆಂದರೆ ಅವತ್ತು ನಿಮಗೇ ತಾಳ್ಮೆ ಇರುವುದಿಲ್ಲ.

ಆದರೂ ಇವತ್ತೇ ಹೋಗಲೇಬೇಕು ಅನ್ನುವ ಸಂದರ್ಭ ಬರುತ್ತದೆ. ಹೊಟ್ಟೆನೋವು ಬಂದ ಕುದುರೆಯನ್ನು ಆಸ್ಪತ್ರೆಗೆ ಒಯ್ಯಬೇಕು ಅನ್ನಿ. ಆಗ ಗುಂಪನ್ನು ಕಳಿಸಿಬಿಡಿ, ಗೊತ್ತಿರುವ ಮೂರು ಜನ ಸಾಕು. ಶಾಂತ ಸ್ವಭಾವದ ಇನ್ನೊಂದು ಕುದುರೆಯನ್ನು ಮೊದಲು ಹತ್ತಿಸಿ, ಜೊತೆ ಕಂಡರೆ ಧೈರ್ಯ ಬರುತ್ತದೆ. ಅದೂ ಸಾಲದಿದ್ದರೆ ಎರಡು ಉದ್ದ ಹಗ್ಗಗಳನ್ನು ಗಾಡಿಯ ಎರಡು ಬದಿಗೆ ಕಟ್ಟಿ, ಇಬ್ಬರು ದೂರದಿಂದ ಅವನ್ನು ಕುದುರೆಯ ಹಿಂಗಾಲಿನ ಮೇಲ್ಭಾಗದ ಹಿಂದೆ ಕತ್ತರಿಯಂತೆ ದಾಟಿಸಿ ಹಿಡಿಯಿರಿ. ಮುಂದೆ ಹೆಜ್ಜೆ ಇಟ್ಟ ಕೂಡಲೇ ಸಡಿಲ ಬಿಡಿ. ಒದೆಯುವ ಕುದುರೆಗೆ ಇದನ್ನು ಮಾಡಬೇಡಿ. ಕಣ್ಣಿಗೆ ಬಟ್ಟೆ ಕಟ್ಟುವ ಪದ್ಧತಿ ಇದೆ, ನನಗೆ ಅದು ಇಷ್ಟವಿಲ್ಲ. ಕಾಣದ ಕುದುರೆ ಇಳಿಜಾರಿನ ಅಂಚಿನಿಂದ ಬದಿಗೆ ಬೀಳಬಹುದು. ಮಂಪರು ಬರಿಸುವ ಇಂಜೆಕ್ಷನ್ನನ್ನು ಪಶುವೈದ್ಯರೇ ಕೊಡಬೇಕು, ಅದೂ ಕುದುರೆ ಶಾಂತವಾಗಿರುವಾಗ, ಗಲಾಟೆ ಶುರುವಾಗುವ ಮೊದಲು. ಆಗಲೇ ಗಾಬರಿಯಲ್ಲಿರುವ ಕುದುರೆಗೆ ಔಷಧ ಸರಿಯಾಗಿ ಹತ್ತುವುದಿಲ್ಲ. ಔಷಧ ಹತ್ತಿದ ಮೇಲೂ ಕಾಲು ತೂರಾಡುತ್ತದೆ, ತೂಕಡಿಸುತ್ತಿದ್ದರೂ ಒದೆಯಬಲ್ಲದು.

ಇನ್ನು ಡ್ರೈವರ್. ಇವತ್ತು ಹತ್ತಿದ ಕುದುರೆ ನಾಳೆ ಹತ್ತುತ್ತದಾ ಇಲ್ಲವಾ ಅನ್ನುವುದು ಅವರ ಕಾಲಲ್ಲಿದೆ. ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂಗಾಲಿನ ಮೇಲಿರುತ್ತದೆ. ಬ್ರೇಕ್ ಹಾಕಿದಾಗ ಇನ್ನಷ್ಟು ಮುಂದಕ್ಕೆ ಬೀಳುತ್ತದೆ. ಅದಕ್ಕೆ ಹಿಡಿದುಕೊಳ್ಳಲು ಕೈಯಿಲ್ಲ, ಕಾಲು ಅಗಲಿಸಿ ನಿಲ್ಲುವುದೊಂದೇ ದಾರಿ. ಹಾಗಾಗಿ ಮುಂದಿನ ವಾಹನದಿಂದ ದೂರ ಇರಬೇಕು, ಬ್ರೇಕ್ ಬೇಗ ಶುರು ಮಾಡಿ ಮೆಲ್ಲಗೆ ಒತ್ತಬೇಕು, ತಿರುವಿಗೆ ಮೊದಲೇ ವೇಗ ಇಳಿಸಬೇಕು, ತಿರುವು ಪೂರ್ತಿ ಮುಗಿದ ಮೇಲೆ ವೇಗ ಹೆಚ್ಚಿಸಬೇಕು. ರಸ್ತೆ ಉಬ್ಬು ಕಂಡರೆ ಇನ್ನೂ ನಿಧಾನ. ಊಟಿಯಂಥ ಕಡೆಗೆ ಘಟ್ಟ ಹತ್ತುವ ಕುದುರೆಗಳಿಗೆ ಇದು ಇನ್ನೂ ಮುಖ್ಯ. ಮೈಸೂರು ಕಡೆಯಿಂದ ಊಟಿಗೆ ಹೋಗುವವರು ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ ಅನ್ನುವುದನ್ನೂ ಲೆಕ್ಕದಲ್ಲಿಡಬೇಕು. ಗೇಟು ಮುಚ್ಚುತ್ತದೆ ಅನ್ನುವ ಅವಸರದಲ್ಲಿ ಕುದುರೆ ಹತ್ತಿಸುವುದು, ಅವಸರದಲ್ಲಿ ಓಡಿಸುವುದು ಎರಡೂ ಬೇಡ. ಎರಡು ಗಂಟೆ ಮೊದಲೇ ಶುರು ಮಾಡಿ.

ದಾರಿಯಲ್ಲಿ ತಲೆ ತುಂಬಾ ಗಿಡ್ಡವಾಗಿ ಕಟ್ಟಬೇಡಿ. ತಲೆ ತಗ್ಗಿಸಲು ಆಗದ ಕುದುರೆಗೆ ಶ್ವಾಸನಾಳದ ಕಫ, ಧೂಳು ಹೊರಗೆ ಹೋಗುವುದಿಲ್ಲ, ದೂರ ಪ್ರಯಾಣದ ನಂತರ ಜ್ವರ, ನ್ಯುಮೋನಿಯ ಬರಲು ಇದು ದೊಡ್ಡ ಕಾರಣ. ನಾಲ್ಕೈದು ಗಂಟೆಗೊಮ್ಮೆ ನೆರಳಲ್ಲಿ ನಿಲ್ಲಿಸಿ, ನೀರು ಕೊಡಿ, ತಲೆ ತಗ್ಗಿಸಲು ಬಿಡಿ. ರಾಜಸ್ಥಾನದಿಂದ ಬರುವ ಕುದುರೆಗಳಿಗೆ ಇದು ದಿನಗಟ್ಟಲೆಯ ಪ್ರಯಾಣ, ಅವನ್ನು ರಾತ್ರಿ ಇಳಿಸಿ ವಿಶ್ರಾಂತಿ ಕೊಡಲೇಬೇಕು. ಊರಿಗೆ ಬಂದ ಮೇಲೆ ಎರಡು ಮೂರು ದಿನ ಮೈಬಿಸಿ ನೋಡುತ್ತಿರಿ. ಮೇವು ಬಿಟ್ಟರೆ, ಕೆಮ್ಮಿದರೆ, ಮಂಕಾಗಿ ನಿಂತರೆ ಕಾಯದೆ ಡಾಕ್ಟರಿಗೆ ಹೇಳಿ.

ಮರಿಗಳಿಗೆ ಇದನ್ನು ಕಲಿಸುವುದು ಎಲ್ಲಕ್ಕಿಂತ ಸುಲಭ. ಕುಣಿಗಲ್ಲಿನಂಥ ಕಡೆ ಸ್ಟಡ್ ಫಾರಂನಲ್ಲಿ ಹುಟ್ಟುವ ರೇಸ್ ಕುದುರೆ ಮರಿ ಎರಡು ವರ್ಷ ತುಂಬುವ ಹೊತ್ತಿಗೆ ಗಾಡಿ ಹತ್ತಿ ಬೇರೆ ಊರಿಗೆ ಹೋಗಲೇಬೇಕು. ತಾಯಿಯ ಜೊತೆ ನಿಂತ ಗಾಡಿಯೊಳಗೆ ಹೋಗಿ ಬರುವ ಮರಿಗೆ ಅದು ಇನ್ನೊಂದು ಲಾಯ ಅಷ್ಟೇ. ಮನೆಯಲ್ಲಿ ಮರಿ ಇದ್ದರೆ ಈಗಲೇ ಶುರು ಮಾಡಿ.

ಪ್ರಯಾಣ ಮುಗಿಸಿ ಬಂದ ಕುದುರೆಗೆ ಚೆನ್ನಾಗಿ ವಿಶ್ರಾಂತಿ ಕೊಟ್ಟು, ವಾರದೊಳಗೆ ಇನ್ನೊಮ್ಮೆ ಅದೇ ಗಾಡಿಗೆ ಹತ್ತಿಸಿ. ಎಲ್ಲಿಗೂ ಹೋಗಬೇಡಿ. ಎಂಜಿನ್ ಕೂಡ ಬೇಡ. ಒಂದು ಹಿಡಿ ಹುಲ್ಲು ತಿನ್ನಿಸಿ, ಒಂದೊಂದೇ ಹೆಜ್ಜೆ ಇಳಿಸಿ, ಲಾಯಕ್ಕೆ ಬಿಡಿ. ತಿಂಗಳಿಗೆ ಒಂದೆರಡು ಸಲ ಹೀಗೆ ಮಾಡುತ್ತಿದ್ದರೆ ಕಲಿತದ್ದು ಉಳಿಯುತ್ತದೆ.